ಮೂಢನಂಬಿಕೆಯ ಕಂತು ಕಟ್ಟುವವರು ಯಾರು?

ಬಾಗಲಕೋಟೆ ಜಿಲ್ಲೆಯ ಗಲಗಲಿಯ ಹೊಳೆದಂಡೆಯಲ್ಲಿ ಕಬ್ಬು ಬೆಳೆಯುವ ರೈತ ನೀರು ತೋರಿಸಿ ಎಂದು ಯಾರನ್ನೂ ಕರೆಸುವುದಿಲ್ಲ. ಕೃಷ್ಣೆ ಕಣ್ಣೆದುರಿಗೇ ಇದ್ದಾಳೆ. ದಂಡೆಯಲ್ಲಿ ಜಾಕ್‌ವೆಲ್, ಅಲ್ಲಿಂದ ಹೊಲದವರೆಗೆ ಪೈಪ್‌ಲೈನು, ತ್ರೀಫೇಸ್ ಕರೆಂಟು ಬಂದರೆ ಮೋಟರು ಚಾಲೂ. ಹೊಳೆಯಿಂದ ದೂರವಾಗಿ ಮಡ್ಡಿ ನೆಲದ ಕಡೆಗೆ ಹೋದರೆ ಮಾತು ಬೇರೆ. ಬೋರು ಕೊರೆಸುವ ಮುಂಚೆ ಅಲ್ಲಿ ‘ಪಾಯಿಂಟ್’ ಮಾಡುವವರು ಬರಬೇಕು. ಒಬ್ಬ ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದ ಉದ್ದಗಲ ನಡೆಯುತ್ತಾನೆ. ಸೆಲೆಯ ಮೇಲೆ ಬಂದೊಡನೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ. ಇನ್ನೊಬ್ಬ ಬೇವಿನ ಕವಲುಕಡ್ಡಿ ಹಿಡಿಯುತ್ತಾನೆ. ದಂಡೆಯ ರೈತನೂ ಮಡ್ಡಿಯ ರೈತನೂ ಓದಿದ್ದು ಒಂದೇ ಪಠ್ಯಪುಸ್ತಕ, ಇಬ್ಬರ ಕಿಸೆಯಲ್ಲಿರುವುದೂ ಅದೇ ಬಗೆಯ ಮೊಬೈಲು, ಇಬ್ಬರೂ ನಡೆದುಕೊಳ್ಳುವ ದೇವರೂ ಒಂದೇ. ಒಬ್ಬನಿಗೆ ಬೇಡವಾದ ತೆಂಗಿನಕಾಯಿ ಇನ್ನೊಬ್ಬನಿಗೆ ಬೇಕಾದದ್ದೇಕೆ? ನೂರು ವರ್ಷಗಳ ಹಿಂದೆ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದೇ ಬಗೆಯ ವ್ಯತ್ಯಾಸ ಕಂಡಿದ್ದ. ಮೀನು ಖಾತ್ರಿಯಾಗಿ ಸಿಗುವ, ಜೀವಭಯವಿಲ್ಲದ ಒಳಗಡಲಿನ ಮೀನುಗಾರಿಕೆಗೆ ಅಲ್ಲಿನ ಜನ ಮಂತ್ರ ಹಾಕುತ್ತಿರಲಿಲ್ಲ. ಬದುಕಿ ಬಂದರೆ ಬಂದೆವು ಎಂಬಂಥ ತೆರೆದ ಕಡಲಿಗೆ ಇಳಿಯುವಾಗ ಮಾತ್ರ ವಿಧಿವಿಧಾನಗಳೆಲ್ಲ ಹೊರಬರುತ್ತಿದ್ದವು. ಮೂಢನಂಬಿಕೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ತಲೆಯೊಳಗೆ ಏನಿದೆ ಎಂಬ ಕಡೆಯಿಂದ ಶುರು ಮಾಡುತ್ತೇವೆ. ಕಾಲ ಕೆಳಗೆ ಎಂಥ ನೆಲವಿದೆ ಎಂಬ ಕಡೆಯಿಂದ ಶುರು ಮಾಡಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ಈ ಲೇಖನದ ವಾದ.

ತೆಂಗಿನಕಾಯಿಯನ್ನೇ ಇನ್ನಷ್ಟು ಹತ್ತಿರದಿಂದ ನೋಡಬಹುದು. ಅಂಗೈ ಮೇಲೆ ಅಡ್ಡ ಮಲಗಿದ ಗುಂಡನೆಯ ಕಾಯಿಗೆ ನೆಲೆಯೆಂಬುದೇ ಇಲ್ಲ. ಬೆರಳುಗಳ ಸ್ನಾಯು ಕೂದಲೆಳೆಯಷ್ಟು ಬಿಗಿದರೂ ಉರುಳುತ್ತದೆ. ಹಿಡಿದವನು ಮೋಸಗಾರನೇ ಆಗಿರಬೇಕೆಂದಿಲ್ಲ. ಇಲ್ಲಿ ನೀರಿರಬಹುದು ಎಂಬ ಊಹೆ ಅವನ ಅರಿವಿಗೂ ಬಾರದೆ ಬೆರಳಿಗಿಳಿಯುತ್ತದೆ. ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ಜರ್ಮನಿಯಲ್ಲಿ. 1980ರ ದಶಕದ ಕೊನೆಯಲ್ಲಿ ಮ್ಯೂನಿಕ್ ಬಳಿಯ ಒಂದು ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸಿ, ಮೇಲಂತಸ್ತಿನಲ್ಲಿ ಕಡ್ಡಿ ಹಿಡಿದವರು ಅದನ್ನು ಗುರುತಿಸಬಲ್ಲರೇ ಎಂದು ನೋಡಿದರು. ಪರೀಕ್ಷೆ ನಡೆಸಿದವರಿಗೆ ಕೆಲವರಲ್ಲಿ ನಿಜವಾದ ಶಕ್ತಿಯಿದೆ ಎನಿಸಿತು. ಅದೇ ಅಂಕಿಅಂಶಗಳನ್ನು ಮುಂದೆ ಮತ್ತೆ ಲೆಕ್ಕ ಹಾಕಿದ ವಿಜ್ಞಾನಿ ಜಿಮ್ ಎನ್‌ರೈಟ್, ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಹೆಚ್ಚೇನೂ ಅಲ್ಲಿಲ್ಲ ಎಂದು ತೋರಿಸಿದ. ಇದನ್ನೆಲ್ಲ ಮಡ್ಡಿಯ ರೈತನಿಗೆ ತಿಳಿಸಿ ಹೇಳಿದರೆ ಆತ ಒಪ್ಪಲೂಬಹುದು. ಒಪ್ಪಿಯೂ ಮುಂದಿನ ಬೋರಿಗೆ ಕಾಯಿ ಹಿಡಿಯುವವನನ್ನೇ ಕರೆಸಬಹುದು. ಬೋರು ಕೊರೆಸಲು ಲಕ್ಷಾಂತರ ರೂಪಾಯಿ ಸಾಲ ಮಾಡಿರುತ್ತಾನೆ. ಕಾಯಿ ಹಿಡಿಯುವವನಿಗೆ ಕೊಡುವ ದುಡ್ಡು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಯಂತ್ರ ತಂದು ನೆಲದ ವಿದ್ಯುತ್‌ರೋಧ ಅಳೆಯುವ ಭೂವಿಜ್ಞಾನಿ ಕೈಗೆ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಗಟ್ಟಿ ಬಂಡೆಯ ಈ ನೆಲದಲ್ಲಿ ಆತನ ಮಾತೂ ಹುಸಿಯಾಗಬಲ್ಲದು. ಇನ್ನೊಂದು ಸಂಗತಿಯಿದೆ, ಅದೇ ಮುಖ್ಯ. ಬೋರು ಫೇಲಾದರೆ ಮನೆಯಲ್ಲಿ ತಪ್ಪು ಯಾರದು? ತಾನೇ ಜಾಗ ಗೊತ್ತು ಮಾಡಿದ್ದರೆ ಹೆಂಡತಿ, ಅಣ್ಣ, ತಮ್ಮ, ಸಾಲ ಕೊಟ್ಟವ ಎಲ್ಲರ ಮುಂದೆ ಆತ ತಲೆ ತಗ್ಗಿಸಬೇಕು. ಕಾಯಿ ತೋರಿಸಿತ್ತು, ನಮ್ಮ ನಸೀಬದಾಗ ಇರಲಿಲ್ಲ ಎನ್ನುವ ದಾರಿಯಿದ್ದರೆ ಸಂಸಾರ ಒಡೆಯುವುದಿಲ್ಲ. ನೀರಿನ ಬಗ್ಗೆ ಆ ಕಾಯಿ ಏನನ್ನೂ ತಿಳಿಸದಿದ್ದರೂ ಒಂದು ತೀರ್ಮಾನವನ್ನು ಕೈಗೆ ಕೊಡುತ್ತದೆ, ಸೋಲಿನ ಹೊಣೆಯಲ್ಲಿ ಪಾಲು ಹೊರುತ್ತದೆ. ನಷ್ಟ ತಪ್ಪಿಸದ ವಿಮೆಯೊಂದು ಇದ್ದರೆ ಅದು ಹೀಗೇ ಇದ್ದೀತು.

ಅಜ್ಞಾನವೇ ಕಾರಣ, ಶಿಕ್ಷಣವೇ ಮದ್ದು ಎಂಬ ವಿವರಣೆ ನಮ್ಮಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದಕ್ಕೆ ದೊಡ್ಡ ಮನಸ್ಸುಗಳ ಬೆಂಬಲವೂ ಇತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ, ಭಕ್ತರೂ ಕಡಿಮೆಯಾಗಲಿಲ್ಲ. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಜ್ಯೋತಿಷ್ಯವನ್ನೇ ಪರೀಕ್ಷೆಗೊಡ್ಡಿದರು. ಜಾಣ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ತಲಾ 40ನ್ನು 27 ಜ್ಯೋತಿಷಿಗಳಿಗೆ ಕೊಟ್ಟು ಯಾವುದು ಯಾರದೆಂದು ಕೇಳಿದರು. ಸರಿಯಾದದ್ದು ಶೇ 46, ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಕಡಿಮೆ ಆಗುತ್ತಿರಲಿಲ್ಲ. ಆಮೇಲೆ ಜ್ಯೋತಿಷ್ಯದ ಅಂಗಡಿ ಮುಚ್ಚಿತೇ? ಕನ್ನಡದ ಟಿವಿ ಚಾನೆಲ್‌ಗಳ ಬೆಳಗಿನ ಹೊತ್ತೆಲ್ಲ ಇವತ್ತಿಗೂ ಜ್ಯೋತಿಷಿಗಳದ್ದೇ. ಕುಂಡಲಿ ಬರೆಯುವ ಕೆಲಸವನ್ನೂ ಈಗ ಕಂಪ್ಯೂಟರಿಗೇ ವಹಿಸಿದ್ದೇವೆ. ಇಸ್ರೊದ ಹಿರಿಯ ವಿಜ್ಞಾನಿಗಳು ಉಡಾವಣೆಗೆ ಮುಂಚೆ ರಾಕೆಟಿನ ಮಾದರಿ ಹಿಡಿದು ತಿರುಪತಿಗೆ ಹೋಗುವುದು ಎಲ್ಲರಿಗೂ ಗೊತ್ತು. ಅವರಿಗೆ ಭೌತಶಾಸ್ತ್ರ ಬರುವುದಿಲ್ಲ ಎಂದು ಯಾರೂ ಹೇಳಲಾರರು. ರಾಕೆಟಿನ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು, ಎಲ್ಲ ಲೆಕ್ಕ ಸರಿಯಿದ್ದೂ ಅದು ಕಡಲಿಗೆ ಬೀಳಬಹುದು ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಓದಿದವರೂ ಹೀಗೇಕೆ ಎಂಬ ಅಚ್ಚರಿಗೆ ಅರ್ಥವಿಲ್ಲ. ಓದು ತಿಳಿವಳಿಕೆ ಕೊಡುತ್ತದೆ, ಖಾತ್ರಿ ಕೊಡುವುದಿಲ್ಲ.

ಅನಿಶ್ಚಿತತೆಯೇ ಕಾರಣವಾದರೆ ಹಣ, ಅಧಿಕಾರ ಎಲ್ಲ ಇದ್ದವರಿಗೆ ವಾಸ್ತು ಏಕೆ ಬೇಕು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಉತ್ತರಕ್ಕೆ ಚಾಮರಾಜನಗರಕ್ಕೇ ಹೋಗಬೇಕು. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆ ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಉದ್ಘಾಟಿಸಿದ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಸಮಾಜವಾದಿ ಚಳವಳಿಯಿಂದ ಬಂದವರು. ಹೋದವರೆಲ್ಲ ಅಧಿಕಾರ ಕಳೆದುಕೊಂಡರು ಎಂಬ ಪಟ್ಟಿಯೇನೋ ನಿಜ. ಹೋಗದವರೂ ಕಳೆದುಕೊಂಡರು ಎಂಬ ಪಟ್ಟಿಯನ್ನು ಯಾರೂ ಮಾಡಲಿಲ್ಲ. ದೇವರಾಜ ಅರಸರ ನಂತರ ಹಲವು ದಶಕಗಳ ಕಾಲ ಕರ್ನಾಟಕದಲ್ಲಿ ಐದು ವರ್ಷದ ಒಂದು ಅವಧಿಯನ್ನು ಪೂರ್ತಿ ಮುಗಿಸಿದ ಮುಖ್ಯಮಂತ್ರಿಯೇ ಇರಲಿಲ್ಲ. ಚಾಮರಾಜನಗರ ನಕಾಶೆಯಲ್ಲಿ ಇಲ್ಲದಿದ್ದರೂ ಅವರೆಲ್ಲ ಇಳಿಯುತ್ತಿದ್ದರು. 2013ರಲ್ಲಿ ಸಿದ್ದರಾಮಯ್ಯನವರು ಅಲ್ಲಿಗೆ ಹೋದರು, ಮತ್ತೆ ಮತ್ತೆ ಹೋದರು, ಐದು ವರ್ಷ ಪೂರ್ತಿ ಆಳಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ನಂಬಿಕೆ ಇಷ್ಟು ನೇರವಾಗಿ ಸುಳ್ಳಾಗುವುದು ಅಪರೂಪ. ಹಾಗಿದ್ದೂ ರಾಜಕಾರಣಿಗಳ ನಿಂಬೆಹಣ್ಣು, ಹೋಮ, ಬಾಗಿಲ ದಿಕ್ಕು ಯಾವುದೂ ಹೋಗಿಲ್ಲ. ಹೋಗುವುದೂ ಇಲ್ಲ, ಶಾಸಕರು ಯಾವ ರಾತ್ರಿ ಯಾವ ರೆಸಾರ್ಟಿಗೆ ಹೋಗುತ್ತಾರೆಂದು ತಿಳಿಯದ ಕಸುಬದು. ಎತ್ತರದ ಕುರ್ಚಿಯಲ್ಲಿ ಕೂತವನೂ ಮಡ್ಡಿಯ ರೈತನೂ ಈ ಒಂದು ವಿಷಯದಲ್ಲಿ ಸರೀಕರು.

ಆಧುನಿಕತೆ ಬಂದರೆ ಅನಿಶ್ಚಿತತೆ ಕರಗುತ್ತದೆ, ಅದರ ಹಿಂದೆಯೇ ಮೂಢನಂಬಿಕೆಯೂ ಹೋಗುತ್ತದೆ ಎಂದು ಹಿಂದಿನ ತಲೆಮಾರಿನ ವಿಚಾರವಾದಿಗಳು ನಂಬಿದ್ದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಅನಿಶ್ಚಿತತೆ ಕಳೆದ ಜಾಗದಲ್ಲಿ ಆಧುನಿಕತೆಯೇ ಎರಡನ್ನು ಹುಟ್ಟಿಸುತ್ತದೆ ಎಂಬುದನ್ನು ಅವರು ಎಣಿಸಿರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯನ್ನೇ ನೋಡಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದ ಕಾಲದಲ್ಲಿ ಇಲ್ಲಿನ ರೈತರು ಸರ್ಕಾರಕ್ಕೆ ಕಾಯದೆ ತಾವೇ ವಂತಿಗೆ ಎತ್ತಿ, ಮೈ ಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ಅದರ ಮುಂದಾಳು ಸಿದ್ದು ನ್ಯಾಮಗೌಡರು ಆಮೇಲೆ ಲೋಕಸಭೆಗೂ ಹೋದರು. ಮಳೆಗಾಗಿ ಗುರ್ಚಿ ಆಡಿಸುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ನೀರು ಬಂತು, ಕಬ್ಬು ಬಂತು. ಕಬ್ಬಿನ ಸಂಗಡ ಕಟಾವಿನ ಸರದಿ ಯಾವಾಗ, ಕಾರ್ಖಾನೆ ಎಷ್ಟು ದರ ಕೊಡುತ್ತದೆ, ಬಿಲ್ಲು ಯಾವ ತಿಂಗಳಲ್ಲಿ ಬರುತ್ತದೆ ಎಂಬ ಹೊಸ ಚಿಂತೆಗಳೂ ಬಂದವು. ಅತ್ತ ಬನಹಟ್ಟಿಯ ನೇಕಾರ ನೂಲಿನ ದರ ನೋಡುತ್ತ ಕೂರುತ್ತಾನೆ. ಇದೆಲ್ಲದರ ಮೇಲೆ ಆಲಮಟ್ಟಿಯ ಹಿನ್ನೀರು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿತು. ಅಂದಿನಿಂದ ಹೊಳೆಸಾಲಿನ ಕುಟುಂಬಗಳಿಗೆ ಹೊಸ ಮನೆ ಕಟ್ಟಬೇಕೋ, ಇದ್ದದ್ದನ್ನೇ ದುರಸ್ತಿ ಮಾಡಬೇಕೋ, ಪರಿಹಾರ ಬರುವವರೆಗೆ ಕಾಯಬೇಕೋ ತಿಳಿಯದು. ಹೊಳೆಯಾಚೆ ಬಬಲಾದಿಯ ಮಠದ ಜಾತ್ರೆಯಲ್ಲಿ ವರ್ಷವರ್ಷ ಓದುವ ಕಾಲಜ್ಞಾನಕ್ಕೆ ಜನ ಕಿವಿಗೊಡುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎರಡರ್ಥ ಬರುವಂಥ ಮಾತಿಗೆ ವರ್ಷದ ಕೊನೆಗೆ ಯಾವುದಾದರೂ ಘಟನೆ ಹೊಂದಿಯೇ ಹೊಂದುತ್ತದೆ ಎಂದು ವಿಚಾರವಾದಿ ನಗಬಹುದು. ಆದರೆ ಮುಂದಿನ ವರ್ಷ ನಿಮ್ಮ ಊರು ಇರುತ್ತದೋ ಇಲ್ಲವೋ ಎಂಬುದಕ್ಕೆ ಸರ್ಕಾರದ ಉತ್ತರವೂ ಅಷ್ಟೇ ಗೂಢವಾಗಿದೆ.

ಸರ್ಕಾರದ ಮಾತು ಬಂದದ್ದರಿಂದ ಹೇಳಬೇಕು. 2019ರ ಜೂನಿನಲ್ಲಿ ಮುಂಗಾರು ತಡವಾದಾಗ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಲು ಆದೇಶ ಹೊರಡಿಸಿತು. ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಮುಧೋಳ, ಜಮಖಂಡಿಯ ಹಳ್ಳಿಗಳು ನೀರಿನಲ್ಲಿ ನಿಂತವು. ಜಪ ಫಲಿಸಿತು ಎನ್ನುವವರು ಈ ಪ್ರವಾಹದ ಹೊಣೆಯನ್ನೂ ಜಪಕ್ಕೇ ಹೊರಿಸಬೇಕಾಗುತ್ತದೆ, ಯಾರೂ ಹೊರಿಸಲಿಲ್ಲ. ವಿಜ್ಞಾನದ ವೇಷ ತೊಟ್ಟದ್ದೆಲ್ಲ ಇದಕ್ಕಿಂತ ಮೇಲೇನೂ ಅಲ್ಲ. 2017ರ ಆಗಸ್ಟಿನಲ್ಲಿ ‘ವರ್ಷಧಾರಿ’ ಹೆಸರಿನಲ್ಲಿ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿದರು. ಬಿತ್ತನೆಯ ನಂತರ ಬಿದ್ದ ಮಳೆಯಲ್ಲಿ ಬಿತ್ತದಿದ್ದರೂ ಬೀಳುತ್ತಿದ್ದುದು ಎಷ್ಟು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಏನಾದರೂ ಮಾಡಿದೆವು ಎಂದು ತೋರಿಸಿಕೊಳ್ಳುವುದು ಬರಗಾಲದ ಸರ್ಕಾರಕ್ಕೆ ಅನಿವಾರ್ಯ. ಜಪಕ್ಕಾಗಲಿ ವಿಮಾನಕ್ಕಾಗಲಿ ಅದೇ ಪ್ರೇರಣೆ.

ನಂಬಿಕೆ ಸುಳ್ಳಾದರೆ ಜನರಿಗೆ ಅನುಭವದಿಂದಲೇ ತಿಳಿಯಬೇಕಲ್ಲ ಎಂದು ಕೇಳುವವರು ಹಾವಿನ ವಿಷ ಇಳಿಸುವವನನ್ನು ಗಮನಿಸಬೇಕು. ಕಬ್ಬಿನ ಗದ್ದೆಯಲ್ಲಿ ಇಲಿ, ಇಲಿಯ ಹಿಂದೆ ಹಾವು. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದ್ದು. ಆದರೆ ಕಚ್ಚುವ ಹಾವುಗಳಲ್ಲಿ ಬಹಳಷ್ಟು ಕೆರೆಹಾವಿನಂಥ ವಿಷವಿಲ್ಲದವು. ನಾಗರಹಾವು, ಮಂಡಲದ ಹಾವು ಕಚ್ಚಿದಾಗಲೂ ಕೆಲವು ಸಲ ವಿಷ ಒಳಗೆ ಇಳಿದಿರುವುದಿಲ್ಲ. ಹೀಗಾಗಿ ಮಂತ್ರ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಮಂತ್ರವಾದಿ ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಅವರು ಬದುಕುತ್ತಿದ್ದರು, ಆದರೆ ಹಾಗೆ ಸುಮ್ಮನೆ ಕೂತು ನೋಡಿದವರು ಯಾರು? ಬದುಕಿದವರು ಸಂತೆಯಲ್ಲಿ ಎದುರಾಗಿ ಸಾಕ್ಷಿ ಹೇಳುತ್ತಾರೆ. ಸತ್ತವರು ತಡವಾಗಿ ಬಂದರು, ಮೈಲಿಗೆಯಾಗಿತ್ತು, ಆಯುಷ್ಯ ಮುಗಿದಿತ್ತು. ಸುಳ್ಳು ನಂಬಿಕೆಯೂ ಅನುಭವದ ಬಲದಿಂದಲೇ ಬೆಳೆಯುವುದು ಹೀಗೆ. ಇದಕ್ಕೆ ಎದುರಾಗಿ ನಿಲ್ಲಬೇಕಾದದ್ದು ಉಪನ್ಯಾಸವಲ್ಲ, ನಡುರಾತ್ರಿಯಲ್ಲಿ ಬಾಗಿಲು ತೆರೆದಿರುವ, ಪ್ರತಿವಿಷದ ಇಂಜೆಕ್ಷನ್ನೂ ಅದನ್ನು ಕೊಡಲು ಹೆದರದ ಡಾಕ್ಟರೂ ಇರುವ ದವಾಖಾನೆ. ಮಂತ್ರವಾದಿಯ ದೊಡ್ಡ ಬಲವೆಂದರೆ ಆತ ಅದೇ ಓಣಿಯಲ್ಲಿದ್ದಾನೆ, ಕರೆದಾಗ ಏಳುತ್ತಾನೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಸಾರಿ, ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದಿತು. ಯಾವ ಊರಿನಲ್ಲಿ ಎಷ್ಟು ಔಷಧಿ ಬೇಕೆಂದು ತಿಳಿಯಲು ಬೇಕಾದ ಮೊದಲ ಲೆಕ್ಕ ಅದು. ಮೂಢನಂಬಿಕೆ ಎಂಬ ಶಬ್ದ ಆ ಆದೇಶದಲ್ಲಿ ಬರಬೇಕಾಗಿರಲಿಲ್ಲ.

ಈ ವಾದಕ್ಕೆ ಇತಿಹಾಸದ ಬೆಂಬಲ ಎಲ್ಲಿದೆ? ಸಿಡುಬು ಇದಕ್ಕೆ ತಕ್ಕ ನಿದರ್ಶನ. ಅದು ದೇವಿಯ ಮುನಿಸು ಎಂದು ಶತಮಾನಗಳ ಕಾಲ ನಂಬಿದ್ದ ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1975ರಲ್ಲಿ. ಜನರ ನಂಬಿಕೆ ಬದಲಾಗಲಿ ಎಂದು ಲಸಿಕೆ ಹಾಕುವವರು ಕಾಯುತ್ತ ಕೂರಲಿಲ್ಲ. ರೋಗ ಹೋಯಿತು, ಅದರ ಜತೆ ಮುನಿಸಿನ ಭಯವೂ ಹೋಯಿತು. ದೇವಿ ಉಳಿದಳು, ಜಾತ್ರೆ ಉಳಿಯಿತು, ಅದರಿಂದ ಯಾರಿಗೂ ತೊಂದರೆಯಿಲ್ಲ. ಇದೇ ಕಥೆ ಕೊರೊನಾ ಕಾಲದಲ್ಲಿ ಬೇಗಬೇಗನೆ ನಡೆದುಹೋಯಿತು. ಔಷಧಿಯಿಲ್ಲದ ದಿನಗಳಲ್ಲಿ ಹಲವು ಊರುಗಳಲ್ಲಿ ‘ಕೊರೊನಮ್ಮ’ ಹುಟ್ಟಿ ಹೋಳಿಗೆ, ಬೇವಿನ ಪೂಜೆ ಪಡೆದಳು. ಲಸಿಕೆ ಬಂದು ಸಾವು ತಗ್ಗಿದ ಮೇಲೆ ಅವಳನ್ನು ಕೇಳುವವರಿಲ್ಲ. ಆ ದೇವಿಯ ವಿರುದ್ಧ ಯಾರೂ ಚಳವಳಿ ಮಾಡಿರಲಿಲ್ಲ.

ಹಾಗಾದರೆ ಬಿಟ್ಟುಬಿಡಿ, ಬಡವರಿಗೆ ಇಷ್ಟಾದರೂ ಧೈರ್ಯ ಇರಲಿ ಎಂಬ ಉದಾರ ವಾದವೊಂದಿದೆ. ತೆಂಗಿನಕಾಯಿಯ ಮಟ್ಟಿಗೆ ಅದನ್ನು ಒಪ್ಪಬಹುದು. ಅಲ್ಲಿ ಧೈರ್ಯ ಪಡೆಯುವವನೂ ದುಡ್ಡು ಕೊಡುವವನೂ ಒಬ್ಬನೇ. ವಿಮೆ ಒಬ್ಬರದು, ಕಂತು ಕಟ್ಟುವವರು ಮತ್ತೊಬ್ಬರು ಎಂದಾದಾಗ ಔದಾರ್ಯಕ್ಕೆ ಜಾಗವಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದರು. ಹರಕೆ ಕುಟುಂಬದ್ದು, ಉಸಿರು ಕಟ್ಟಿದ್ದು ಮಗುವಿಗೆ. ಬಾಗಲಕೋಟೆ ಜಿಲ್ಲೆಯದೇ ನಾಗರಾಳದ ದಿಗಂಬರೇಶ್ವರ ಗುಡಿಯ ಮಾಳಿಗೆಯಿಂದ ಹಸುಗೂಸುಗಳನ್ನು ಕೆಳಗೆ ಹಿಡಿದ ಕಂಬಳಿಗೆ ಎಸೆಯುವ ದೃಶ್ಯ ಟಿವಿಯಲ್ಲಿ ದೇಶವೆಲ್ಲ ನೋಡಿತು. ಜ್ವರಕ್ಕೆ, ಕಾಮಾಲೆಗೆ ಕೂಸಿನ ಹೊಟ್ಟೆಗೆ ಬರೆ ಹಾಕುವುದೂ ಇದೇ ಸಾಲಿನದು. ಈ ಸೀಮೆಗೆ ಎಲ್ಲಕ್ಕಿಂತ ಹತ್ತಿರದ್ದು ಜಡೆಯ ಕಥೆ. ಹೆಣ್ಣುಮಗುವಿನ ಕೂದಲು ಎಣ್ಣೆ-ಬಾಚಣಿಗೆ ಕಾಣದೆ, ಹೇನು-ಹೊಟ್ಟಿನಿಂದ ಗಂಟುಗಟ್ಟಿ ಜಡೆಯಾದರೆ ಸವದತ್ತಿಯ ಎಲ್ಲಮ್ಮ ಕರೆಯುತ್ತಿದ್ದಾಳೆ ಎಂದು ತಿಳಿದು ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಬರೀ ಕೂದಲಿನ ಮಾತಾಗಿದ್ದರೆ ಒಂದು ಕತ್ತರಿ ಸಾಕಿತ್ತು. ಗಂಡುಮಕ್ಕಳಿಲ್ಲದ ಬಡ ದಲಿತ ಕುಟುಂಬದಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗುತ್ತಿರಲಿಲ್ಲ. ಗಂಡುಮಗನಂತೆ ತಾಯಿತಂದೆಯನ್ನು ಸಾಕುತ್ತಿದ್ದಳು. ಮುಪ್ಪಿನ ಭಯಕ್ಕೆ ಪರಿಹಾರ ತಂದೆತಾಯಿಗೆ, ಬೆಲೆ ತೆತ್ತದ್ದು ಹರೆಯಕ್ಕೆ ಕಾಲಿಡುವ ಹುಡುಗಿ. ಲಾಭ ಊರಿನ ಉಳ್ಳವರಿಗೆ. ಮುಂಬಯಿ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರಲ್ಲಿ ಈ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆ ಮಾಡಿದವು. ಹೀಗಿದ್ದೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಾಜಿ ದೇವದಾಸಿಯರ ಹೆಸರು ದಾಖಲಾಯಿತು.

ಇದೆಲ್ಲ ನಮ್ಮ ಸಂಸ್ಕೃತಿಯ ಮೇಲಿನ ದಾಳಿ, ಪಶ್ಚಿಮದಿಂದ ಬಂದ ವಿಚಾರ ಎಂಬ ಆಕ್ಷೇಪಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ಗಲಗಲಿಯಿಂದ ಇದೇ ಹೊಳೆಗುಂಟ ಕೆಳಗಿಳಿದರೆ ಮಲಪ್ರಭೆ ಬಂದು ಸೇರುವ ಕೂಡಲಸಂಗಮ ಸಿಗುತ್ತದೆ. ಶಕುನ, ಮುಹೂರ್ತ, ಕ್ಷುದ್ರದೈವಗಳ ಭಯವನ್ನು ಈ ನಾಡಿನ ಶರಣರು 12ನೇ ಶತಮಾನದಲ್ಲೇ ಕನ್ನಡದಲ್ಲಿ ಪ್ರಶ್ನಿಸಿದ್ದರು. ಎಂಟುನೂರು ವರ್ಷಗಳ ಹಿಂದೆಯೇ ಅಷ್ಟು ಚೊಕ್ಕವಾಗಿ ವಾದ ಗೆದ್ದಾಗಿದ್ದರೂ ಆಚರಣೆ ಉಳಿದುಕೊಂಡಿತು ಎಂಬುದು, ವಾದವೊಂದರಿಂದಲೇ ಕೆಲಸವಾಗದು ಎಂಬುದಕ್ಕೆ ಸಾಕ್ಷಿ. ವಾದ ಬೇಡವೆಂದು ಇದರ ಅರ್ಥವಲ್ಲ. ವಾದಿಸಿದವರು ತೆತ್ತ ಬೆಲೆ ದೊಡ್ಡದು. ನರೇಂದ್ರ ದಾಭೋಳ್ಕರ್ 2013ರ ಆಗಸ್ಟಿನಲ್ಲಿ ಪುಣೆಯಲ್ಲಿ, ಎಂ.ಎಂ. ಕಲಬುರ್ಗಿ 2015ರ ಆಗಸ್ಟಿನಲ್ಲಿ ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಕರ್ನಾಟಕದ ಮೂಢನಂಬಿಕೆ ತಡೆ ಮಸೂದೆಯ ಚರ್ಚೆಯಲ್ಲಿ ಆಡಿದ ಮಾತಿಗೆ ಕಲಬುರ್ಗಿಯವರು ಅದರ ಹಿಂದಿನ ವರ್ಷವಷ್ಟೇ ವಿರೋಧ ಎದುರಿಸಿದ್ದರು. ಆ ಮಸೂದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ, ತಾಜಸುಲ್ತಾನಪುರದ ಘಟನೆಯಾದ ಕೆಲವೇ ದಿನಗಳಲ್ಲಿ ಜಾರಿಗೆ ಬಂತು. ಮಡೆಸ್ನಾನ, ಬೆತ್ತಲೆಸೇವೆಯಂಥವು ಅಪರಾಧವಾದವು. ಹಾವು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದೂ ಅಪರಾಧವಾಯಿತು. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಕಾಯ್ದೆ ಹೊರಗಿಟ್ಟಿತು. ಬಡವರ ಮೂಢನಂಬಿಕೆ ಅಪರಾಧ, ಬಲ್ಲಿದರದ್ದು ಶಾಸ್ತ್ರ ಎಂದು ಕೆಲವರು ಇದನ್ನು ಹೀಗಳೆದರು. ಆ ಸಿಟ್ಟಿನಲ್ಲಿ ಸತ್ಯಾಂಶವಿದೆ. ಆದರೂ ನಂಬಿಕೆ ನಿಜವೋ ಸುಳ್ಳೋ ಎಂದು ತೂಗುವುದಕ್ಕಿಂತ, ಬೇರೆಯವರ ಮೈಮೇಲೆ ಅದು ಏನು ಮಾಡುತ್ತದೆ ಎಂದು ನೋಡುವ ಕಾಯ್ದೆಯ ಅಳತೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಅದನ್ನು ಪೂರ್ತಿ ಅನ್ವಯಿಸಲಿಲ್ಲ ಎಂಬುದೇ ಕೊರತೆ. ಜಾತಕ ಕೂಡಲಿಲ್ಲವೆಂದು, ಮೂಲಾ ನಕ್ಷತ್ರವೆಂದು ಮದುವೆಯಾಗದೆ ಉಳಿದ ಹುಡುಗಿಯೂ ಬೇರೆಯವರ ಕಂತನ್ನೇ ಕಟ್ಟುತ್ತಿದ್ದಾಳೆ.

ಅನಿಶ್ಚಿತತೆಯೊಂದರಿಂದ ಎಲ್ಲವನ್ನೂ ವಿವರಿಸಲಾಗದು ಎಂಬುದನ್ನೂ ಇಲ್ಲಿ ಒಪ್ಪಬೇಕು. ಶುಭಕಾರ್ಯದಲ್ಲಿ ವಿಧವೆಯನ್ನು ಹಿಂದೆ ಸರಿಸುವುದರಿಂದ ಯಾರ ಯಾವ ಅಪಾಯ ತಗ್ಗುತ್ತದೆ? ಅದರ ಬೇರು ಭಯಕ್ಕಿಂತ ಹೆಚ್ಚಾಗಿ ಆಸ್ತಿಯಲ್ಲಿ, ಮನೆಯೊಳಗಿನ ಯಜಮಾನಿಕೆಯಲ್ಲಿದೆ. ಅಂಥ ಕಡೆ ದವಾಖಾನೆ, ನೀರು, ವಿಮೆ ಕೊಟ್ಟರೂ ಸಾಲದು. ಕಂತು ಕಟ್ಟುತ್ತಿರುವವರು ತಾವೇ ಎದ್ದು ಇನ್ನು ಕಟ್ಟುವುದಿಲ್ಲ ಎನ್ನಬೇಕಾಗುತ್ತದೆ. ದೇವದಾಸಿ ಪದ್ಧತಿಯಲ್ಲಿ ಅದು ನಡೆದಿದೆ. 1997ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭೆಯ ಸುತ್ತಿನ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಉಳಿತಾಯದ ಗುಂಪು ಮಾಡಿಕೊಂಡರು, ಮಕ್ಕಳನ್ನು ಶಾಲೆಗೆ ಹಾಕಿದರು, ಮುತ್ತು ಕಟ್ಟುವ ಸುದ್ದಿ ಸಿಕ್ಕಲ್ಲಿಗೆ ಹೋಗಿ ತಡೆದರು. ಎಲ್ಲಮ್ಮನಿಗೆ ನಡೆದುಕೊಳ್ಳುವುದನ್ನು ಅವರು ಬಿಟ್ಟಿಲ್ಲ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾರೆ, ದೇವಿಯ ಪಡ್ಡಲಗಿ ತುಂಬುತ್ತಾರೆ. ಮಗಳ ಕೊರಳಿಗೆ ಮುತ್ತು ಕಟ್ಟುವುದಿಲ್ಲ.